ಎಕ್ಸ್ ಬ್ರೇಸ್ ಕೆತ್ತುವಾಗ ಎತ್ತರ ಇಳಿಸಬೇಕೇ, ಪಕ್ಕ ಕೀಸಬೇಕೇ?

ಪ್ರಶ್ನೆ:
ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರೊಂದನ್ನು ಕೈಯಿಂದಲೇ ಮಾಡುತ್ತಿದ್ದೇನೆ. ಸ್ಪ್ರೂಸ್ ಮರದ ಮೇಲ್ಹಲಗೆಯ ಒಳಮೈಗೆ ಎಕ್ಸ್ ಬ್ರೇಸ್‌ಗಳನ್ನು, ಅಂದರೆ X ಆಕಾರದಲ್ಲಿ ಅಡ್ಡಹಾಯುವ ಆಧಾರಪಟ್ಟಿಗಳನ್ನು, ಅಂಟಿಸಿಯಾಗಿದೆ. ಸದ್ಯ ಅವು 8 ಮಿ.ಮೀ. ಅಗಲ, 16 ಮಿ.ಮೀ. ಎತ್ತರದ ಕೆತ್ತದ ಪಟ್ಟಿಗಳಾಗಿಯೇ ಇವೆ. ತಟ್ಟಿದರೆ ಸದ್ದು ಬಿಗಿಯಾಗಿ, ಮೊಟಕಾಗಿ ಬರುತ್ತದೆ. ಎತ್ತರವನ್ನು ಇಳಿಸಬೇಕೇ, ಪಕ್ಕಗಳನ್ನು ಮಾತ್ರ ಕೀಸಬೇಕೇ? ನಡುವೆ ತಗ್ಗು ತೆಗೆಯುವ ಸ್ಕ್ಯಾಲಪ್ ಪದ್ಧತಿ ಮೊದಲ ಗಿಟಾರಿಗೆ ತಕ್ಕದ್ದೇ?

ಉತ್ತರ 1:
ಪಕ್ಕಗಳಿಂದ ಆರಂಭಿಸಿ. ಪಟ್ಟಿಯ ಬಿಗಿತವು ಅಗಲಕ್ಕೆ ನೇರ ಅನುಪಾತದಲ್ಲಿದ್ದರೆ, ಎತ್ತರಕ್ಕೆ ಅದರ ಘನದ ಅನುಪಾತದಲ್ಲಿರುತ್ತದೆ. ಹಾಗಾಗಿ ಎತ್ತರವನ್ನು ಶೇ. 10ರಷ್ಟು ತಗ್ಗಿಸಿದರೆ ತೂಕ ಹೋಗುವುದು ಅಷ್ಟೇ ಆದರೂ ಬಿಗಿತ ಸುಮಾರು ಶೇ. 27ರಷ್ಟು ಹೋಗುತ್ತದೆ. ಎತ್ತರವನ್ನೇ ಅರ್ಧಕ್ಕಿಳಿಸಿದರೆ ಬಿಗಿತದಲ್ಲಿ ಎಂಟನೇ ಒಂದು ಪಾಲು ಮಾತ್ರ ಉಳಿಯುತ್ತದೆ, ಆದರೆ ಪೂರ್ಣ ಎತ್ತರವನ್ನು ಬಿಟ್ಟು ಪಕ್ಕಗಳನ್ನು ತ್ರಿಕೋನಾಕಾರಕ್ಕೆ ಕೀಸಿದರೆ, ಕಳೆದ ತೂಕ ಅಷ್ಟೇ ಆಗಿದ್ದರೂ ಮೂರನೇ ಒಂದು ಪಾಲು ಉಳಿಯುತ್ತದೆ. (ಇದು ಬಿಡಿ ಪಟ್ಟಿಯ ಲೆಕ್ಕ, ಹಲಗೆಗೆ ಅಂಟಿದ ಮೇಲೆ ಅಂಕಿಗಳು ಬದಲಾಗುತ್ತವೆ, ಎತ್ತರದ ಮಹತ್ವ ಬದಲಾಗುವುದಿಲ್ಲ.) ಉಳಿ ಜಾರಿ ಹಲಗೆಗೆ ತಾಗದಂತೆ ಬ್ರೇಸ್‌ನ ಬುಡದಲ್ಲಿ ದಪ್ಪ ರಟ್ಟು ಇಟ್ಟುಕೊಳ್ಳಿ. ಹೊಟ್ಟು ಉದ್ದನೆಯ ಸುರುಳಿಯಾಗಿ ಬರುತ್ತಿರುವವರೆಗೆ ಸರಿ. ಉಳಿ ಮರದೊಳಕ್ಕೆ ಇಳಿಯತೊಡಗಿದರೆ ಎಳೆಗೆ ಎದುರಾಗಿ ಹೋಗುತ್ತಿದ್ದೀರಿ ಎಂದರ್ಥ, ಕೂಡಲೇ ದಿಕ್ಕು ಬದಲಿಸಿ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಸ್ಕ್ಯಾಲಪ್‌ಗೆ ಹೆದರಬೇಕಾಗಿಲ್ಲ. ಗಿಟಾರ್ ತಯಾರಿಸುವ ಮಾರ್ಟಿನ್ ಕಂಪನಿಯು ದಪ್ಪ ತಂತಿಗಳ ಒತ್ತಡವನ್ನು ತಾಳಲೆಂದು 1944ರಲ್ಲಿ ಅದನ್ನು ಕೈಬಿಟ್ಟು, 1976ರಲ್ಲಿ ಎಚ್‌ಡಿ-28 ಮಾದರಿಯಲ್ಲಿ ಮರಳಿ ತಂದಿತು. ತೆಳು ತಂತಿಗಳೂ ಒಟ್ಟಾರೆ 70 ಕಿಲೋಗೂ ಮಿಗಿಲಾದ ಸೆಳೆತ ಹಾಕುವುದರಿಂದ, ಮೇಲ್ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜಿನ ಹಿಂಭಾಗ ಮೇಲೆದ್ದು ಮುಂಭಾಗ ತಗ್ಗಲು ನೋಡುತ್ತದೆ. ಆದ್ದರಿಂದ ಬ್ರೇಸ್‌ಗಳು ಅಡ್ಡಹಾಯುವ ಕಡೆ ಎತ್ತರವನ್ನು ಮುಟ್ಟಲೇಬೇಡಿ. ಅಲ್ಲಿ ಒಂದು ಪಟ್ಟಿಯ ಕಚ್ಚು ಮೇಲ್ಮುಖವಾಗಿ ತೆರೆದಿರುತ್ತದೆ. ಅದರ ಮೇಲೆ ಮರದ ತುಂಡನ್ನೋ ಅಂಟಿನಲ್ಲಿ ಅದ್ದಿದ ಬಟ್ಟೆಯನ್ನೋ ಕೂರಿಸದಿದ್ದರೆ ಆ ಜಾಗ ಬಲಹೀನವಾಗಿಯೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹಾಗಾದರೆ ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ತಟ್ಟಿ ಕೇಳಿಯೇ ತೀರ್ಮಾನಿಸಬೇಕೇ?

ಉತ್ತರ 3:
ತಟ್ಟಿ ಕೇಳುವುದಕ್ಕೆ ಅಗತ್ಯಕ್ಕಿಂತ ಹೆಚ್ಚು ಬೆಲೆ ಕೊಡಲಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಂಚು ಬಿಡುವಾಗಿರುವ ಹಲಗೆಯ ನಾದಕ್ಕೂ ಗಿಟಾರಿನ ಪಕ್ಕದ ಗೋಡೆಗಳಿಗೆ ಅಂಟಿಸಿದ ಹಲಗೆಯ ನಾದಕ್ಕೂ ಬಹಳ ಅಂತರವಿದೆ. ಅಂಚುಗಳಿಗೆ ಆಧಾರ ಕೊಟ್ಟು, ಬ್ರಿಡ್ಜ್ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ, ಹಲಗೆ ಎಷ್ಟು ಮಣಿಯುತ್ತದೆ ಎಂಬುದನ್ನು ಪ್ರತಿ ಹಂತದಲ್ಲೂ ಗಮನಿಸಿ. ಬ್ರೇಸ್ ತುದಿಗಳನ್ನು ಸುಮಾರು 2–3 ಮಿ.ಮೀ.ಗೆ ಇಳಿಸಿ, ಲೈನಿಂಗ್‌ನೊಳಗೆ (ಪಕ್ಕದ ಗೋಡೆಗೂ ಮೇಲ್ಹಲಗೆಗೂ ಬೆಸುಗೆಯಾಗಿ ಒಳಗೆ ಅಂಟಿಸುವ ಮರದ ಪಟ್ಟಿಯೊಳಗೆ) ಕಚ್ಚಿಸಿ. ಸಂದೇಹವಿದ್ದಲ್ಲಿ ಮರವನ್ನು ತುಸು ಹೆಚ್ಚೇ ಉಳಿಸಿ. ಗಿಟಾರ್ ಸಿದ್ಧವಾದ ಮೇಲೂ ನಾದರಂಧ್ರದೊಳಗೆ ಕೈ ಹಾಕಿ, ಚಿಕ್ಕ ಕೀಸುಳಿಯಿಂದ ಬ್ರೇಸ್‌ಗಳನ್ನು ಇನ್ನಷ್ಟು ತೆಳುವಾಗಿಸಲು ಸಾಧ್ಯವಿದೆ.