ಪದಚರ್ಚೆ: ಸ್ಟ್ಯಾಂಡ್‌ಬೈ ಜನರೇಟರಿಗೆ ‘ಮೀಸಲು’ ಸರಿಯೇ, ‘ಕಾವಲು’ ಅಂದರೆ ಹೇಗೆ?

ಬಳಗದ ಎಲ್ಲರಿಗೂ ನಮಸ್ಕಾರ.

ಹಾಸನದ ಐಟಿಐ ಎಲೆಕ್ಟ್ರಿಷಿಯನ್ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ವಿಮಾನ ನಿಲ್ದಾಣದಲ್ಲಿ ಕರೆಂಟ್ ಹೋದಾಗ ರನ್‌ವೇ ದೀಪ ಯಾವುದರಿಂದ ಉರಿಯುತ್ತದೆ, ಆ ಜನರೇಟರ್, ಬ್ಯಾಟರಿಗಳನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದು ವಿಷಯ. ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ಹುಡುಗರು ಕಿವಿ ನಿಮಿರಿಸುತ್ತಾರೆ, ಹಾಗಾಗಿ ಈ ಪಾಠ. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮುಖ್ಯವಾದದ್ದು ಸ್ಟ್ಯಾಂಡ್‌ಬೈ, ಅಂದರೆ ಒಂದು ಕೈಕೊಟ್ಟರೆ ಕೆಲಸಕ್ಕಿಳಿಯಲು ಸಿದ್ಧವಾಗಿ ನಿಂತಿರುವ ಇನ್ನೊಂದು. ಇದಕ್ಕೆ ಮೀಸಲು, ಬದಲಿ, ಪರ್ಯಾಯ, ತುರ್ತು ಅಂತ ನಾಲ್ಕೂ ಪದ ಓಡಾಡುತ್ತಿವೆ. ಕೇಳಲು ಚೆನ್ನಾಗಿರುವುದು ‘ಮೀಸಲು’. ಮೀಸಲು ಪಡೆ, ಮೀಸಲು ನಿಧಿ ಅಂತ ರೂಢಿಯಲ್ಲೂ ಇದೆ. ಆದರೆ ಹಳ್ಳಿ ಕಡೆ ಮೀಸಲು ಅಂದರೇನು ಹೇಳಿ. ದೇವರಿಗೆ ಅಂತ ಎತ್ತಿಟ್ಟದ್ದು, ಯಾರೂ ಮುಟ್ಟಬಾರದ್ದು. ಮೀಸಲು ಹಾಲನ್ನು ಮಕ್ಕಳೂ ಬಾಯಿಗೆ ಹಾಕುವಂತಿಲ್ಲ. ಜನರೇಟರನ್ನು ಹಾಗೆ ಮುಟ್ಟದೆ ಇಟ್ಟರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಸ್ಟಾರ್ಟ್ ಮಾಡುವ ಬ್ಯಾಟರಿ ಸುಮ್ನೆ ಕೂತಲ್ಲೇ ಸಾಯುತ್ತದೆ. ಬೇಕಾದ ಹೊತ್ತಿಗೆ ಡೀಸೆಲ್ ಜನರೇಟರ್ ಕೈಕೊಡುವುದಕ್ಕೆ ಅತಿ ಸಾಮಾನ್ಯ ಕಾರಣವೇ ಈ ಬ್ಯಾಟರಿ. ಟ್ಯಾಂಕಿನ ಡೀಸೆಲ್ಲೂ ಹಳಸುತ್ತದೆ. ತಳದಲ್ಲಿ ನೀರು ಸೇರಿ, ಆ ನೀರು ಡೀಸೆಲ್ಲು ಕೂಡುವ ಕಡೆ ಸೂಕ್ಷ್ಮಜೀವಿ ಬೆಳೆದು, ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ. ಹೊರಗಿಂದ ನೋಡಿದರೆ ಬಣ್ಣ ಹೊಡೆದ ಹೊಸ ಜನರೇಟರ್, ಒಳಗೆ ಈ ಗತಿ. ಮುಟ್ಟಬಾರದು ಅನ್ನುವ ಪದವನ್ನು, ವಾರವಾರ ಮುಟ್ಟಲೇಬೇಕಾದ ವಸ್ತುವಿಗೆ ಕಟ್ಟಲು ನನಗೆ ಮನಸ್ಸಿಲ್ಲ.

‘ತುರ್ತು’ ಬಗ್ಗೆ ಬೇರೆ ತಕರಾರಿದೆ. ವಿಮಾನ ನಿಲ್ದಾಣದಲ್ಲಿ ಎಮರ್ಜೆನ್ಸಿ ಅನ್ನೋದು ವಿಮಾನಕ್ಕೆ ಸಂಬಂಧಪಟ್ಟ ಮಾತು. ಇಳಿಯಲು ಬರುತ್ತಿರುವ ವಿಮಾನದಲ್ಲಿ ಅಪಾಯವಿದೆ ಅಂತಾದರೆ ‘ಫುಲ್ ಎಮರ್ಜೆನ್ಸಿ’ ಸಾರುತ್ತಾರೆ. ದೋಷವಿದೆ, ಆದರೆ ಇಳಿಯಲು ಅಷ್ಟು ತೊಂದರೆ ಆಗಲಿಕ್ಕಿಲ್ಲ ಅಂದರೆ ‘ಲೋಕಲ್ ಸ್ಟ್ಯಾಂಡ್‌ಬೈ’. ಆಗ ಅಗ್ನಿಶಾಮಕದವರು ಗಾಡಿ ಹೊರಡಿಸಿಕೊಂಡು ಸಿದ್ಧರಾಗಿ ನಿಲ್ಲುತ್ತಾರೆ. ಅಂದರೆ ಎಮರ್ಜೆನ್ಸಿ, ಸ್ಟ್ಯಾಂಡ್‌ಬೈ ಎರಡೂ ಅಲ್ಲಿ ಆಗಲೇ ಬೇರೆ ಕೆಲಸಕ್ಕೆ ಸೇರಿಕೊಂಡಿವೆ. ಜನರೇಟರ್ ರೂಮಿನ ಬಾಗಿಲ ಮೇಲೆ ‘ತುರ್ತು’ ಅಂತ ಬರೆದು, ಕಂಟ್ರೋಲ್ ಗೋಪುರದವರೂ ವೈರ್‌ಲೆಸ್ಸಿನಲ್ಲಿ ‘ತುರ್ತು’ ಅಂದರೆ, ಹೊಸ ಹುಡುಗ ಯಾವ ಕಡೆ ಓಡಬೇಕು? ಇನ್ನು ‘ತುರ್ತು ಪರಿಸ್ಥಿತಿ’ ಅಂದರೆ ನಮ್ಮಂಥ ವಯಸ್ಸಾದವರಿಗೆ ನೆನಪಾಗುವುದು 1975.

ಆದರೂ ತುರ್ತು ಪದವನ್ನು ಪೂರ್ತಿ ಬಿಡಲು ಆಗುವುದಿಲ್ಲ, ಯಾಕೆಂದರೆ ಅದು ಒಂದು ಮಿತಿಯನ್ನೂ ಹೇಳುತ್ತದೆ. 2025ರ ಮಾರ್ಚ್ 20ರ ರಾತ್ರಿ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಹತ್ತಿರದ ನಾರ್ತ್ ಹೈಡ್ ಸಬ್‌ಸ್ಟೇಷನ್ನಿನಲ್ಲಿ ಬೆಂಕಿ ಬಿದ್ದು, ಮರುದಿನ ಇಡೀ ನಿಲ್ದಾಣ ಮುಚ್ಚಬೇಕಾಯಿತು. ಅಷ್ಟು ದೊಡ್ಡ ನಿಲ್ದಾಣಕ್ಕೆ ಜನರೇಟರ್ ಇರಲಿಲ್ವಾ ಅಂತ ಜನ ಕೇಳಿದರು. ಇತ್ತು, ಓಡಿತು ಕೂಡ. ಆದರೆ ಅದನ್ನು ಇಟ್ಟದ್ದು ವಿಮಾನಗಳನ್ನು ಕ್ಷೇಮವಾಗಿ ಇಳಿಸಿಕೊಂಡು, ಜನರನ್ನು ಹೊರಗೆ ಕಳಿಸುವಷ್ಟಕ್ಕೆ. ಊರಿನಷ್ಟು ಕರೆಂಟ್ ತಿನ್ನುವ ಟರ್ಮಿನಲ್‌ಗಳನ್ನೆಲ್ಲ ಎಂದಿನಂತೆ ನಡೆಸಲಿಕ್ಕಲ್ಲ. ಈ ಅರ್ಥಕ್ಕೆ ‘ತುರ್ತು ವಿದ್ಯುತ್’ ಸರಿಯಾಗಿ ಕೂರುತ್ತದೆ. ‘ಬದಲಿ ವಿದ್ಯುತ್’ ಅಂದಿದ್ದರೆ ಎಲ್ಲವೂ ನಡೆಯುತ್ತದೆ ಅಂತ ಓದುವವರು ಅಂದುಕೊಳ್ಳುತ್ತಾರೆ.

‘ಪರ್ಯಾಯ’ ಅಂತ ಬರೆಯುವವರಿಗೂ ಒಂದು ಮಾತು. 2017ರ ಡಿಸೆಂಬರ್ 17ರಂದು ಅಟ್ಲಾಂಟಾ ನಿಲ್ದಾಣ ಸುಮಾರು 11 ಗಂಟೆ ಕತ್ತಲಲ್ಲಿ ಕೂತಿತು. ನೆಲದಡಿಯ ಸುರಂಗದಲ್ಲಿ ಹತ್ತಿದ ಬೆಂಕಿ ಮುಖ್ಯ ಲೈನನ್ನೂ ಸುಟ್ಟಿತು, ಅದಕ್ಕೆ ಬದಲಿ ಅಂತ ಇದ್ದ ವ್ಯವಸ್ಥೆಯನ್ನೂ ಕೆಡಿಸಿತು. ಎರಡೂ ಅಕ್ಕಪಕ್ಕದಲ್ಲೇ ಇದ್ದವು. ಕಾಗದದ ಮೇಲೆ ಪರ್ಯಾಯ, ನೆಲದಡಿ ಒಂದೇ ದಾರಿ.

ನನ್ನನ್ನು ಜಾಸ್ತಿ ಕಾಡಿದ್ದು ‘ಬದಲಿ’. ಬದಲಿ ಅಂದಕೂಡಲೇ ಒಂದು ಅಸಲಿ, ಇನ್ನೊಂದು ಅದರ ಜಾಗಕ್ಕೆ ಬರುವುದು ಅಂತಾಗುತ್ತದೆ. ಲೈನು ಅಸಲಿ, ಜನರೇಟರ್ ಬದಲಿ. ಬಹುತೇಕ ದಿನ ಇದೇ ನಿಜ. ಆದರೆ ದಟ್ಟ ಮಂಜಿನ ಬೆಳಗ್ಗೆ ಇದು ತಿರುಗುಮುರುಗಾಗುತ್ತದೆ!

ಅಂತರರಾಷ್ಟ್ರೀಯ ನಿಯಮ ಹೀಗಿದೆ. ಉಪಕರಣ ನೋಡಿಕೊಂಡು ಇಳಿಯುವ ಸಾಮಾನ್ಯ ರನ್‌ವೇಯಲ್ಲಿ ಕರೆಂಟ್ ಹೋದರೆ ದೀಪಗಳು 15 ಸೆಕೆಂಡಿನೊಳಗೆ ಮತ್ತೆ ಹತ್ತಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಡೀಸೆಲ್ ಜನರೇಟರಿಗೆ ಇದು ಸಾಕು. ಎಂಜಿನ್ ಎದ್ದು, ವೇಗ ಹಿಡಿದು, ಲೋಡ್ ತಗೊಳ್ಳುವಷ್ಟರಲ್ಲಿ ಗಡುವು ಮುಗಿದಿರುವುದಿಲ್ಲ. ಆದರೆ ಕಣ್ಣಿಗೆ ದಾರಿಯೇ ಕಾಣದ ಮಂಜಿನಲ್ಲಿ ಇಳಿಸುವ ಎರಡು, ಮೂರನೇ ದರ್ಜೆಯ ರನ್‌ವೇಗಳಲ್ಲಿ ನಡುಗೆರೆಯ ದೀಪ, ಚಕ್ರ ನೆಲ ಮುಟ್ಟುವ ಜಾಗದ ದೀಪ ಇಂಥವು 1 ಸೆಕೆಂಡಿನೊಳಗೆ ಮರಳಬೇಕು. ಯಾವ ಡೀಸೆಲ್ ಎಂಜಿನ್ನೂ ಇಷ್ಟು ಬೇಗ ಏಳುವುದಿಲ್ಲ. ನಡುವೆ ಬ್ಯಾಟರಿಯ ಯುಪಿಎಸ್ ಇಡುವುದು ಒಂದು ದಾರಿ. ಇನ್ನೊಂದು ದಾರಿ ಭಲೇ ಇದೆ. ಮಂಜು ಕವಿಯುವ ಮೊದಲೇ ಜನರೇಟರ್ ಎಬ್ಬಿಸಿ, ದೀಪಗಳನ್ನೆಲ್ಲ ಅದರ ಮೇಲೆ ಹಾಕಿಬಿಡುವುದು. ಲೈನು ಹಿಂದೆ ಸುಮ್ನೆ ನಿಂತಿರುತ್ತದೆ. ಜನರೇಟರ್ ನಿಂತುಹೋದರೆ, ಜೀವಂತವಾಗಿರುವ ಲೈನಿಗೆ ಹಾಯಲು ಒಂದು ಸೆಕೆಂಡೂ ಬೇಡ. ಈಗ ಹೇಳಿ, ಇಲ್ಲಿ ಅಸಲಿ ಯಾವುದು, ಬದಲಿ ಯಾವುದು? ಆ ಹೊತ್ತಿಗೆ ಸ್ಟ್ಯಾಂಡ್‌ಬೈ ಆಗಿರುವುದು ಲೈನೇ ಅಲ್ವಾ?

ಸ್ಟ್ಯಾಂಡ್‌ಬೈ ಅನ್ನೋದು ಯಂತ್ರದ ಹೆಸರಲ್ಲ, ಅದು ಆ ಹೊತ್ತಿಗೆ ವಹಿಸಿಕೊಂಡ ಕೆಲಸದ ಹೆಸರು. ನಮ್ಮ ಜನ ಇದನ್ನು ತಿಳಿದೇ ಮಾತಾಡುತ್ತಾರೆ. ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಪಲ್ಪರ್ ಮನೆಯಲ್ಲಿ ಹಳೆಯ ಚೇಂಜೋವರ್ ಸ್ವಿಚ್ ನೋಡಿದ್ದೆ. ಉದ್ದ ಹಿಡಿ, ಅದಕ್ಕೆ ಗ್ರೀಸ್ ಮೆತ್ತಿದೆ. ಮೇಲೆ ಸುಣ್ಣದ ಕಡ್ಡಿಯಲ್ಲಿ ‘ಕೆಇಬಿ’, ಕೆಳಗೆ ‘ಡಿಜಿ’ (ಡೀಸೆಲ್ ಜನರೇಟರ್), ನಡುವೆ ಏನೂ ಇಲ್ಲದ ಜಾಗ. ಕೆಇಬಿ ಹೋಗಿ ಎಷ್ಟೋ ವರ್ಷವಾಯಿತು, ಹಾಸನ ಕಡೆ ಸೆಸ್ಕ್, ಚಿಕ್ಕಮಗಳೂರು ಕಡೆ ಮೆಸ್ಕಾಂ ಬಂದವು, ಆದರೂ ಲೈನಿಗೆ ಕೆಇಬಿ ಅಂತಲೇ ಹೆಸರು. ಆ ಹಿಡಿ ಒಮ್ಮೆಗೆ ಒಂದೇ ಕಡೆ ಕೂರುತ್ತದೆ. ಎರಡೂ ಒಟ್ಟಿಗೆ ಸೇರಿದರೆ ಜನರೇಟರಿನ ಕರೆಂಟ್ ಲೈನಿಗೆ ನುಗ್ಗಿ, ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೇ ಸಂಚಕಾರ. ತೋಟದ ರೈಟರ್ ಒಳಗೆ ಬಂದವರೇ ಕೇಳಿದ್ದು ಇಷ್ಟು: ‘ಈಗ ಯಾವುದರ ಮೇಲಿದೀವಿ?’ ‘ಡಿಜಿ ಮೇಲೆ, ಸಾರ್.’ ಅಸಲಿ, ಬದಲಿ ಮಾತೇ ಇಲ್ಲ.

ಹಾಗಾಗಿ ಕೆಲಸ ಮಾಡುತ್ತಿರುವುದಕ್ಕೆ ‘ಮೇಲಿರುವ ಮೂಲ’ ಅನ್ನುವುದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ, ಅದು ಅಷ್ಟು ಹಿತವಾಗಿಲ್ಲ ಅಂತ ಗೊತ್ತು. ಸ್ಟ್ಯಾಂಡ್‌ಬೈಗೆ ಮಾತ್ರ ‘ಕಾವಲು’ ಅಂತ ಮನಸ್ಸಿಗೆ ಬಂದಿದೆ. ಕಾವಲು ಜನರೇಟರ್, ಕಾವಲು ಲೈನ್. ಕಾಯುವುದು ಅಂದರೆ ದಾರಿ ನೋಡುವುದೂ ಹೌದು, ರಕ್ಷಣೆ ಮಾಡುವುದೂ ಹೌದು, ಬಿಸಿಯಾಗುವುದೂ ಹೌದು. ಇಂಥ ಜನರೇಟರುಗಳಲ್ಲಿ ಎಂಜಿನ್ ಸುತ್ತಲಿನ ನೀರನ್ನು ಒಂದು ಹೀಟರ್ ಸದಾ ಬೆಚ್ಚಗಿಟ್ಟಿರುತ್ತದೆ, ಹೇಳಿದ ಕೂಡಲೇ ಏಳಲಿ ಅಂತ. ಅಂದರೆ ಅದು ಮೂರು ಅರ್ಥದಲ್ಲೂ ಕಾಯುತ್ತಿರುತ್ತದೆ! ಒಂದೇ ಅಡ್ಡಿ: ಬೀರೂರು, ಅಜ್ಜಂಪುರದ ಕಡೆಯವರಿಗೆ ಕಾವಲು ಅಂದರೆ ಅಮೃತಮಹಲ್ ದನ ಮೇಯುವ ಹುಲ್ಲುಗಾವಲು. ಆ ಕಡೆಯ ಸದಸ್ಯರು ನಕ್ಕರೆ ನಗಲಿ, ಆದರೆ ಬಳಸಬಹುದೋ ಬೇಡವೋ ಹೇಳಲಿ.

ಎರಡನೆಯದು, ಆ 15 ಸೆಕೆಂಡು, 1 ಸೆಕೆಂಡಿಗೆ ಇರುವ ಹೆಸರು. ‘ಬದಲಾವಣೆ ಅವಧಿ’ ಅಂದರೆ ಸ್ವಿಚ್ ಈ ಕಡೆಯಿಂದ ಆ ಕಡೆ ಬೀಳುವ ಹೊತ್ತು ಅಂತ ಹುಡುಗರು ತಿಳಿಯುತ್ತಾರೆ. ನಿಯಮ ಅಳೆಯುವುದು ಸ್ವಿಚ್ಚನ್ನಲ್ಲ. ದೀಪದ ಬೆಳಕು ಅರ್ಧಕ್ಕೆ ಇಳಿದ ಗಳಿಗೆಯಿಂದ ಮತ್ತೆ ಅರ್ಧಕ್ಕೆ ಏರುವ ಗಳಿಗೆವರೆಗಿನ ಸಮಯ ಅದು. ಪೈಲಟ್ಟಿಗೆ ಕಾಣುವುದು ಬೆಳಕು ತಾನೇ? ‘ಬೆಳಕು ಮರಳುವ ಹೊತ್ತು’ ಅಂತ ಬರೆದಿದ್ದೇನೆ. ಪಾಠಕ್ಕೆ ಸ್ವಲ್ಪ ಕವಿತೆಯಂತಾಯಿತು ಅಂತ ಜೊತೆಯವರು ರೇಗಿಸಿದರು, ಆದರೂ ಬಿಡಲು ಇಷ್ಟವಿಲ್ಲ.

‘ನಿರ್ವಹಣೆ’ಗೆ ನಾನು ಕೈಹಾಕುವುದಿಲ್ಲ, ಎಣ್ಣೆ ಬದಲಿಸುವುದರಿಂದ ಹಿಡಿದು ಆಫೀಸು ನಡೆಸುವುದರವರೆಗೆ ಎಲ್ಲವೂ ಅದರಲ್ಲೇ ಬರುತ್ತದೆ. ಹುಡುಗರು ‘ಸರ್ವಿಸ್’ ಅನ್ನುತ್ತಾರೆ, ಅದೇ ಇರಲಿ.

‘ಪರೀಕ್ಷೆ’ ಅಂದರೆ ಅವರಿಗೆ ಹಾಲ್ ಟಿಕೆಟ್ಟೇ ನೆನಪಾಗುವುದು. ಅದಕ್ಕಿಂತ ನಮ್ಮ ‘ನೋಡು’ ಎಷ್ಟೋ ವಾಸಿ. ಸ್ಟಾರ್ಟ್ ಮಾಡಿ ನೋಡೋದು, ಲೋಡ್ ಹಾಕಿ ನೋಡೋದು, ಲೈನ್ ತೆಗೆದು ನೋಡೋದು. ಮೂರೂ ಬೇರೆ ಬೇರೆ ಕೆಲಸ, ಮೂರನ್ನೂ ‘ಪರೀಕ್ಷೆ’ ಅಂತ ಒಂದೇ ಚೀಲಕ್ಕೆ ತುಂಬಿದ್ದೇವೆ. ಬಟನ್ ಒತ್ತಿ ಸ್ಟಾರ್ಟ್ ಮಾಡಿ ನೋಡಿದರೆ ಎಂಜಿನ್ ಏಳುತ್ತದೆ ಅಂತಷ್ಟೇ ಗೊತ್ತಾಗುತ್ತದೆ. ಲೈನ್ ಹೋದದ್ದನ್ನು ಪ್ಯಾನೆಲ್ ತಾನಾಗಿ ಕಂಡುಹಿಡಿಯಿತೇ, ಚೇಂಜೋವರ್ ಬಿತ್ತೇ ಅನ್ನೋದು ಮೇನ್ ಬ್ರೇಕರ್ ಇಳಿಸಿ ನೋಡಿದರೆ ಮಾತ್ರ ತಿಳಿಯುವುದು.

ಲೋಡ್ ಅನ್ನು ‘ಹೊರೆ’ ಅಂತ ಮಾಡಿ ಅಂತ ಒಬ್ಬರು ಹೇಳಿದರು. ಬೇಡ ಅನ್ನಿಸಿತು. ನಮ್ಮಲ್ಲಿ ಹೊರೆ ತಲೆ ಮೇಲೆ ಇರುವಂಥದ್ದು, ಆದಷ್ಟು ಬೇಗ ಇಳಿಸಬೇಕಾದದ್ದು. ಜನರೇಟರಿಗೆ ಲೋಡ್ ಇದ್ದರೇ ಆರೋಗ್ಯ. ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎಯ 110ನೇ ನಿಯಮದ ಪ್ರಕಾರ ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ ಓಡಿಸಬೇಕು, ಅದೂ ಅದರ ಸಾಮರ್ಥ್ಯದ ಶೇಕಡಾ 30ಕ್ಕೆ ಕಡಿಮೆಯಿಲ್ಲದ ಲೋಡ್ ಹಾಕಿ. ಅಷ್ಟು ಲೋಡ್ ಸಿಗದಿದ್ದರೆ ದೊಡ್ಡ ಕಾಯಿಲ್‌ಗಳಿರುವ ಪೆಟ್ಟಿಗೆ ತಂದು ಜೋಡಿಸುತ್ತಾರೆ. ಅದಕ್ಕೆ ‘ಹುಸಿ ಲೋಡ್’ ಅನ್ನಬಹುದೇ?

ಲೋಡ್ ಇಲ್ಲದೆ ಖಾಲಿ ಓಡಿಸುತ್ತಲೇ ಇದ್ದರೆ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಎಣ್ಣೆ ಮಸಿಯ ಜೊತೆ ಸೇರಿ ಸೈಲೆನ್ಸರ್ ಪೈಪಿನಲ್ಲಿ ಕೂರುತ್ತದೆ, ಜಾಯಿಂಟಿನಲ್ಲಿ ಕಪ್ಪಗೆ ಜಿನುಗುತ್ತದೆ. ಬೆರಳಿಗೆ ತಗೊಂಡರೆ ಕಾಡಿಗೆಗಿಂತ ತೆಳು, ಸೋಪು ಹಾಕಿದರೂ ಹೋಗದ ಜಿಡ್ಡು. ಇಂಗ್ಲಿಷಿನಲ್ಲಿ ಇದನ್ನು ವೆಟ್ ಸ್ಟ್ಯಾಕಿಂಗ್ ಅನ್ನುತ್ತಾರೆ, ಅದನ್ನು ಪದಕ್ಕೆ ಪದ ಇಟ್ಟು ತಂದರೆ ಅರ್ಥವೇ ಇಲ್ಲ. ‘ಜಿಡ್ಡುಮಸಿ’, ‘ಮಸಿಗಟ್ಟುವುದು’ ನನಗೆ ತೋಚಿದವು. ಕಿಟ್ಟ ಅನ್ನೋಣವೆಂದರೆ ಅದು ಒಣಗಿದ್ದು. ಟ್ರಾಕ್ಟರ್, ಬೋರ್‌ವೆಲ್ ಲಾರಿ, ತೋಟದ ಪಂಪ್‌ಸೆಟ್ ರಿಪೇರಿ ಮಾಡುವವರ ಬಾಯಲ್ಲಿ ಇದಕ್ಕೊಂದು ಹೆಸರು ಇದ್ದೇ ಇರಬೇಕು. ನಿಮ್ಮ ಊರಿನ ಗ್ಯಾರೇಜಿನಲ್ಲಿ ಏನಂತಾರೆ ಅಂತ ಒಮ್ಮೆ ಕೇಳಿ, ಊರಿನ ಹೆಸರು ಸೇರಿಸಿ ಬರೆಯಿರಿ.