ಜಾವಾಎಫ್‌ಎಕ್ಸ್: ಸ್ಕಿನ್ ಒಮ್ಮೆ ಬದಲಿಸಿದರೆ ಟಾಗಲ್ ಬಟನ್ ಕೆಡುತ್ತದೆ, ಇನ್ನೊಮ್ಮೆ ಬದಲಿಸಿದರೆ ಸರಿಹೋಗುತ್ತದೆ

ಬಿಂದುರೇಖೆ (ಪ್ರಶ್ನೆ)

ಜಾವಾಎಫ್‌ಎಕ್ಸ್ (ಜಾವಾದಲ್ಲಿ ಕಿಟಕಿ, ಬಟನ್ ಕಟ್ಟುವ ಲೈಬ್ರರಿ) 17ರಲ್ಲಿ ಸ್ವಿಚ್ ರೂಪದ ಟಾಗಲ್ ಬಟನ್ ಬರೆದಿದ್ದೇನೆ. ಉದ್ದನೆಯ ಟ್ರ್ಯಾಕ್, ಅದರ ಮೇಲೆ ಆಚೀಚೆ ಸರಿಯುವ ದುಂಡು ಥಂಬ್, ಪಕ್ಕದಲ್ಲಿ ಲೇಬಲ್. ನನ್ನ ಕಂಟ್ರೋಲ್ ಕ್ಲಾಸ್ ಟಾಗಲ್‌ಬಟನ್ನಿನ ಮಗು, ಅದರ ರೂಪವನ್ನು ಬಿಡಿಸುವ ಸ್ಕಿನ್ ಕ್ಲಾಸ್ ಸ್ಕಿನ್‌ಬೇಸ್‌ನ ಮಗು. ಒಟ್ಟು ಎರಡು ಸ್ಕಿನ್‌ಗಳಿವೆ. ಆ್ಯಪ್ ಓಡುತ್ತಿರುವಾಗಲೇ ಬಳಕೆದಾರರು ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಆಗ ಸೆಟ್‌ಸ್ಕಿನ್ ಕರೆಯುತ್ತೇನೆ.

ಮೌಸ್ ಕ್ಲಿಕ್ಕಿಗೆ ಸ್ಕಿನ್‌ನ ಕನ್‌ಸ್ಟ್ರಕ್ಟರ್‌ನಲ್ಲಿ ಆ್ಯಡ್‌ಈವೆಂಟ್‌ಹ್ಯಾಂಡ್ಲರ್ ಕರೆದು ಒಂದು ಹ್ಯಾಂಡ್ಲರ್ (ಕ್ಲಿಕ್ ಆದಾಗ ಓಡುವ ಕೋಡ್) ಹಾಕಿದ್ದೇನೆ. ಅದು ಸೆಲೆಕ್ಟೆಡ್ (ಆನ್ ಇದೆಯೇ, ಆಫ್ ಇದೆಯೇ ಎಂಬ) ಬೆಲೆಯನ್ನು ತಿರುಗಿಸುತ್ತದೆ, ಅಷ್ಟೇ. ಸ್ಕಿನ್ ಹೋಗುವಾಗ ಓಡುವ ಡಿಸ್ಪೋಸ್ ಮೆಥಡ್ ಬರೆದಿಲ್ಲ. ಈಗ ಕಾಣುತ್ತಿರುವ ತೊಂದರೆಗಳು:

ಮೊದಲ ಬಾರಿ ಸ್ಕಿನ್ ಬದಲಿಸಿದ ಮೇಲೆ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಎರಡನೇ ಬಾರಿ ಬದಲಿಸಿದರೆ ಸರಿಯಾಗಿ ಕೆಲಸ ಮಾಡುತ್ತದೆ. ಮೂರನೇ ಬಾರಿಗೆ ಮತ್ತೆ ಸತ್ತಂತಾಗುತ್ತದೆ. ಜೊತೆಗೆ ಹಳೆಯ ಥಂಬ್ ಹೊಸದರ ಹಿಂದೆ ಹಾಗೆಯೇ ಉಳಿದಿರುತ್ತದೆ. ಸ್ಪೇಸ್ ಕೀ ಒತ್ತಿದರೆ ಯಾವತ್ತೂ ಏನೂ ಆಗಿಲ್ಲ. ಕಿಟಕಿ ತೆರೆದ ಕೂಡಲೇ, ಮೊದಲೇ ಆನ್ ಇರುವ ಸ್ವಿಚ್‌ಗಳೆಲ್ಲ ಎಡದಿಂದ ಬಲಕ್ಕೆ ಒಟ್ಟಿಗೆ ಜಾರುತ್ತವೆ, ಅದೂ ಬೇಡ.

ಇವು ನಾಲ್ಕು ಬೇರೆ ಬೇರೆ ತಪ್ಪುಗಳೋ, ಒಂದೇ ತಪ್ಪಿನ ನಾಲ್ಕು ಮುಖಗಳೋ?

ಪದರ (ಉತ್ತರ)

ಮೊದಲೆರಡಕ್ಕೆ ಕಾರಣ ಒಂದೇ: ಹಳೆಯ ಸ್ಕಿನ್ ಹೋಗುವಾಗ ತನ್ನದನ್ನು ತೆಗೆದುಕೊಂಡು ಹೋಗುತ್ತಿಲ್ಲ.

ಸಮ-ಬೆಸದ ಆಟವೇ ಇದನ್ನು ಹೇಳುತ್ತಿದೆ. ಮೊದಲು ಕಂಟ್ರೋಲ್ ಮೇಲೆ ಒಂದು ಹ್ಯಾಂಡ್ಲರ್ ಇತ್ತು. ಸ್ಕಿನ್ ಬದಲಾದಾಗ ಹೊಸ ಸ್ಕಿನ್ ಇನ್ನೊಂದನ್ನು ಸೇರಿಸಿತು, ಹಳೆಯದು ಅಲ್ಲೇ ಉಳಿಯಿತು. ಈಗ ಒಂದು ಕ್ಲಿಕ್ಕಿಗೆ ಎರಡು ಸಲ ತಿರುಗುತ್ತದೆ, ಅಂದರೆ ಇದ್ದಲ್ಲಿಗೇ ವಾಪಸ್. ಇನ್ನೊಮ್ಮೆ ಬದಲಿಸಿದರೆ ಮೂರು ಹ್ಯಾಂಡ್ಲರ್, ಮೂರು ತಿರುವು. ಸರಿಯಾದಂತೆ ಕಾಣುತ್ತದೆ, ಆದರೆ ಸರಿಯಾಗಿರುವುದಿಲ್ಲ. ಸೆಲೆಕ್ಟೆಡ್ ಪ್ರಾಪರ್ಟಿಗೆ ಒಂದು ಲಿಸನರ್ (ಬೆಲೆ ಬದಲಾದಾಗ ಓಡುವ ಕೋಡ್) ಹಾಕಿ ಬೆಲೆಯನ್ನು ಪ್ರಿಂಟ್ ಮಾಡಿ ನೋಡಿ. ಒಂದು ಕ್ಲಿಕ್ಕಿಗೆ ಮೂರು ಸಾಲು ಬೀಳುತ್ತವೆ.

ಇನ್ನೊಂದು ಊಹೆ. ಹ್ಯಾಂಡ್ಲರ್ ಒಳಗೆ ನೀವು ಗೆಟ್‌ಸ್ಕಿನ್ನಬಲ್ ಕರೆದಿಲ್ಲ, ಕನ್‌ಸ್ಟ್ರಕ್ಟರ್‌ಗೆ ಬಂದ ಕಂಟ್ರೋಲ್ ವೇರಿಯಬಲ್ಲನ್ನೇ ಬಳಸಿದ್ದೀರಿ. ಡಿಸ್ಪೋಸ್ ಆದ ಸ್ಕಿನ್‌ಬೇಸ್‌ನಲ್ಲಿ ಗೆಟ್‌ಸ್ಕಿನ್ನಬಲ್ ನಲ್ ಕೊಡುತ್ತದೆ. ಅದನ್ನು ಬಳಸಿದ್ದರೆ ಮೊದಲ ಬದಲಾವಣೆಯಲ್ಲೇ ನಲ್ ಪಾಯಿಂಟರ್ ಎಕ್ಸೆಪ್ಶನ್ ಬಂದು ತಪ್ಪು ಬಯಲಾಗುತ್ತಿತ್ತು.

ಹಳೆಯ ಥಂಬ್ ಉಳಿಯುವುದೇಕೆ ಎಂದರೆ, ಸ್ಕಿನ್‌ಬೇಸ್‌ನ ಗೆಟ್‌ಚಿಲ್ಡ್ರನ್ ಕೊಡುವ ಪಟ್ಟಿ ಸ್ಕಿನ್‌ನದಲ್ಲ, ಕಂಟ್ರೋಲ್‌ನದು. ಎರಡೂ ಸ್ಕಿನ್‌ಗಳು ಒಂದೇ ಪಟ್ಟಿಗೆ ಸೇರಿಸುತ್ತವೆ. ಸ್ಕಿನ್‌ಬೇಸ್‌ನ ಡಿಸ್ಪೋಸ್ ನೀವು ಸೇರಿಸಿದ ನೋಡ್‌ಗಳನ್ನು (ಟ್ರ್ಯಾಕ್, ಥಂಬ್‌ನಂಥ ಭಾಗಗಳನ್ನು) ತಾನಾಗಿ ತೆಗೆಯುವುದಿಲ್ಲ.

ಡಿಸ್ಪೋಸ್ ಅನ್ನು ಈ ಕ್ರಮದಲ್ಲಿ ಬರೆಯಿರಿ. ಮೊದಲು ಗೆಟ್‌ಸ್ಕಿನ್ನಬಲ್ ನಲ್ ಆಗಿದ್ದರೆ ಸುಮ್ಮನೆ ಹಿಂತಿರುಗಿ, ಏಕೆಂದರೆ ಡಿಸ್ಪೋಸ್ ಎರಡು ಸಲ ಕರೆದರೂ ಕೆಡಬಾರದು. ಆಮೇಲೆ ಓಡುತ್ತಿರುವ ಆ್ಯನಿಮೇಶನ್ ನಿಲ್ಲಿಸಿ, ಹ್ಯಾಂಡ್ಲರ್‌ಗಳನ್ನು ಕಳಚಿ, ನಿಮ್ಮ ನೋಡ್‌ಗಳನ್ನಷ್ಟೇ ಪಟ್ಟಿಯಿಂದ ತೆಗೆಯಿರಿ. ಪಟ್ಟಿಯನ್ನು ಪೂರ್ತಿ ಖಾಲಿ ಮಾಡಬೇಡಿ; ಹೊಸ ಸ್ಕಿನ್‌ನ ಕನ್‌ಸ್ಟ್ರಕ್ಟರ್ ಅಷ್ಟರಲ್ಲಿ ಓಡಿ ಮುಗಿದಿರುತ್ತದೆ, ಅದರ ನೋಡ್‌ಗಳೂ ಅದೇ ಪಟ್ಟಿಯಲ್ಲಿರುತ್ತವೆ. ಸೂಪರ್‌ನ ಡಿಸ್ಪೋಸ್ ಕೊನೆಗೆ.

ಹ್ಯಾಂಡ್ಲರ್ ಕಳಚುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಸೇರಿಸುವಾಗ ಒಂದು ಮೆಥಡ್ ರೆಫರೆನ್ಸ್, ತೆಗೆಯುವಾಗ ಅದೇ ಮೆಥಡ್ ರೆಫರೆನ್ಸ್ ಬರೆದರೆ ಓದಲು ಒಂದೇ, ಆದರೆ ಆಬ್ಜೆಕ್ಟ್ ಬೇರೆ. ತೆಗೆಯುವ ಕರೆ ಯಾವ ದೂರೂ ಹೇಳದೆ ಏನೂ ಮಾಡದೆ ಮುಗಿಯುತ್ತದೆ. ಹ್ಯಾಂಡ್ಲರನ್ನು ಫೈನಲ್ ಫೀಲ್ಡ್‌ನಲ್ಲಿ ಇಟ್ಟುಕೊಂಡು ಎರಡೂ ಕಡೆ ಆ ಫೀಲ್ಡನ್ನೇ ಕೊಡಿ. ಪ್ರಾಪರ್ಟಿಗಳಿಗಾದರೆ ಸ್ಕಿನ್‌ಬೇಸ್‌ನ ರಿಜಿಸ್ಟರ್‌ಚೇಂಜ್‌ಲಿಸನರ್ ಬಳಸಿ. ಅದು ಹಾಕಿದ್ದನ್ನು ಸೂಪರ್‌ನ ಡಿಸ್ಪೋಸ್ ತಾನೇ ತೆಗೆಯುತ್ತದೆ. ಈವೆಂಟ್ ಹ್ಯಾಂಡ್ಲರ್‌ಗಳಿಗೆ ಆ ಸೌಲಭ್ಯ ಇಲ್ಲ.

ಸೆಟ್‌ಆನ್ ಎಂದು ಶುರುವಾಗುವ ಮೆಥಡ್‌ಗಳನ್ನು ಸ್ಕಿನ್‌ನಿಂದ ಕಂಟ್ರೋಲ್ ಮೇಲೆ ಕರೆಯಲೇಬೇಡಿ. ಮೊದಲನೆಯದಾಗಿ ಆ ಜಾಗ ಆ್ಯಪ್ ಬರೆಯುವವರದು. ಎರಡನೆಯದಾಗಿ, ಹೊಸ ಸ್ಕಿನ್ ಕನ್‌ಸ್ಟ್ರಕ್ಟರ್‌ನಲ್ಲಿ ಅದನ್ನು ತುಂಬಿದ ಮೇಲೆ ಹಳೆಯದರ ಡಿಸ್ಪೋಸ್ ಬಂದು ನಲ್ ಮಾಡಿದರೆ ಹೊಸದರ ಕೆಲಸವೇ ಅಳಿಸಿಹೋಗುತ್ತದೆ. ಈ ಕ್ರಮದ ಗೊಂದಲಕ್ಕಾಗಿಯೇ ಜಾವಾಎಫ್‌ಎಕ್ಸ್ 20ರಲ್ಲಿ ಸ್ಕಿನ್‌ಗೆ ಇನ್‌ಸ್ಟಾಲ್ ಎಂಬ ಮೆಥಡ್ ಸೇರಿತು. ಹಳೆಯದು ಡಿಸ್ಪೋಸ್ ಆದ ನಂತರವೇ ಅದನ್ನು ಕರೆಯುತ್ತಾರೆ. ನೀವು 17ರಲ್ಲಿ ಇರುವುದರಿಂದ ಅದು ಸಿಗುವುದಿಲ್ಲ.

ನಕಾಶೆ (ಉತ್ತರ)

ಪದರ ಅವರು ಹೇಳಿದ್ದೆಲ್ಲ ಸರಿ. ಆದರೆ ಈ ಕಂಟ್ರೋಲ್‌ಗೆ ಆ ಮೌಸ್ ಹ್ಯಾಂಡ್ಲರ್ ಬೇಕಾಗಿಯೇ ಇಲ್ಲ.

ಟಾಗಲ್‌ಬಟನ್ನಿನಲ್ಲಿ ಸ್ಥಿತಿ ಇದೆ, ಅದನ್ನು ತಿರುಗಿಸುವ ಫೈರ್ ಮೆಥಡ್ ಇದೆ. ಮೌಸ್ ಒತ್ತಿದಾಗ ಆರ್ಮ್ ಆಗುವುದು (ಫೈರ್‌ಗೆ ಸಿದ್ಧವಾಗುವುದು), ಒತ್ತಿಕೊಂಡೇ ಹೊರಗೆ ಎಳೆದರೆ ಡಿಸ್‌ಆರ್ಮ್ ಆಗುವುದು, ಸ್ಪೇಸ್ ಕೀ ಬಿಟ್ಟಾಗ ಫೈರ್ ಆಗುವುದು ಇವೆಲ್ಲ ಬಿಹೇವಿಯರ್ ಎಂಬ ಒಳಗಿನ ಕ್ಲಾಸ್‌ನ ಕೆಲಸ. ಅದನ್ನು ಹುಟ್ಟಿಸುವುದು ಕಂಟ್ರೋಲ್ ಅಲ್ಲ, ಟಾಗಲ್‌ಬಟನ್‌ಸ್ಕಿನ್. ನೀವು ಸ್ಕಿನ್‌ಬೇಸ್‌ನಿಂದ ಹೊಸದಾಗಿ ಶುರುಮಾಡಿದಾಗ ಬಿಹೇವಿಯರ್ ಹುಟ್ಟಲೇ ಇಲ್ಲ. ಸ್ಪೇಸ್ ಕೀ ಕೆಲಸ ಮಾಡದಿರುವುದು, ಒತ್ತಿದಾಗ ಆರ್ಮ್ಡ್ ಸ್ಟೈಲ್ ಬಾರದಿರುವುದು ಎರಡಕ್ಕೂ ಇದೇ ಕಾರಣ. ಬಿಹೇವಿಯರ್ ಕ್ಲಾಸ್‌ಗಳು ಇಂದಿಗೂ ಒಳಗಿನ ಪ್ಯಾಕೇಜ್‌ನಲ್ಲೇ ಇವೆ, ನೇರವಾಗಿ ಮುಟ್ಟುವಂತಿಲ್ಲ. ಟಾಗಲ್‌ಬಟನ್‌ಸ್ಕಿನ್ ಮಾತ್ರ ಜಾವಾಎಫ್‌ಎಕ್ಸ್ 9ರಿಂದ ಪಬ್ಲಿಕ್. ಅದನ್ನೇ ಎಕ್ಸ್‌ಟೆಂಡ್ ಮಾಡಿ, ಹ್ಯಾಂಡ್ಲರ್ ಅಳಿಸಿಹಾಕಿ.

ಹಾಗೆ ಮಾಡಿದ ಕೂಡಲೇ ಹೊಸ ತೊಂದರೆ ಎದುರಾಗುತ್ತದೆ: ಲೇಬಲ್‌ನ ಪಠ್ಯ ಅಥವಾ ಗ್ರಾಫಿಕ್ ಬದಲಾದಾಗ ಟ್ರ್ಯಾಕ್ ಮಾಯವಾಗುತ್ತದೆ. ಟಾಗಲ್‌ಬಟನ್‌ಸ್ಕಿನ್‌ನ ತಾಯಿ ಲೇಬಲ್ಡ್‌ಸ್ಕಿನ್‌ಬೇಸ್. ಅದರ ಅಪ್‌ಡೇಟ್‌ಚಿಲ್ಡ್ರನ್ ಮಕ್ಕಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ, ನಿಮ್ಮ ನೋಡ್ ಆ ಪಟ್ಟಿಯಲ್ಲಿ ಇರುವುದಿಲ್ಲ. ಆ ಮೆಥಡ್ಡನ್ನು ಓವರ್‌ರೈಡ್ ಮಾಡಿ, ಸೂಪರ್ ಕರೆದ ಮೇಲೆ ಟ್ರ್ಯಾಕ್ ಸೇರಿಸಿ. ಟ್ರ್ಯಾಕ್ ನಲ್ ಅಲ್ಲ ಎಂದು ಪರೀಕ್ಷಿಸದೆ ಸೇರಿಸಬೇಡಿ: ತಾಯಿಯ ಕನ್‌ಸ್ಟ್ರಕ್ಟರ್ ಈ ಮೆಥಡ್ಡನ್ನು ಕರೆಯುವಾಗ ನಿಮ್ಮ ಫೀಲ್ಡ್‌ಗಳು ಇನ್ನೂ ತುಂಬಿರುವುದಿಲ್ಲ, ಡಿಕ್ಲೇರ್ ಮಾಡಿದ ಸಾಲಿನಲ್ಲೇ ಬೆಲೆ ಕೊಟ್ಟಿದ್ದರೂ ಅಷ್ಟೇ. ನಿಮ್ಮ ಕನ್‌ಸ್ಟ್ರಕ್ಟರ್ ಕೊನೆಯಲ್ಲಿ ಅಪ್‌ಡೇಟ್‌ಚಿಲ್ಡ್ರನ್ ಅನ್ನು ನೀವೇ ಇನ್ನೊಮ್ಮೆ ಕರೆಯಿರಿ. ಲೈಬ್ರರಿಯ ಚೆಕ್‌ಬಾಕ್ಸ್‌ಸ್ಕಿನ್ ಕೂಡ ತನ್ನ ಚೌಕವನ್ನು ಹೀಗೆಯೇ ಉಳಿಸಿಕೊಳ್ಳುತ್ತದೆ. ಅದರ ಸೋರ್ಸ್ ತೆರೆದು ಪಕ್ಕದಲ್ಲಿಟ್ಟುಕೊಂಡು ಬರೆದರೆ ಅರ್ಧ ಶ್ರಮ ಉಳಿಯುತ್ತದೆ.

ಅಳತೆಗಳೂ ಹಾಗೆಯೇ. ಕಂಪ್ಯೂಟ್‌ಪ್ರೆಫ್‌ವಿಡ್ತ್ ಮತ್ತು ಕಂಪ್ಯೂಟ್‌ಮಿನ್‌ವಿಡ್ತ್ ಎರಡರಲ್ಲೂ ಸೂಪರ್ ಕೊಟ್ಟ ಅಗಲಕ್ಕೆ ಟ್ರ್ಯಾಕ್‌ನ ಅಗಲ ಕೂಡಿಸಿ. ಪ್ರೆಫ್ ಮಾತ್ರ ಬರೆದು ಮಿನ್ ಬಿಟ್ಟರೆ ಕಿಟಕಿ ಚಿಕ್ಕದಾದಾಗ ಟ್ರ್ಯಾಕ್ ಲೇಬಲ್ ಮೇಲೆ ಹತ್ತಿ ಕೂರುತ್ತದೆ. ಎತ್ತರಕ್ಕೆ ಕೂಡಿಸುವುದಲ್ಲ, ಪಠ್ಯ, ಟ್ರ್ಯಾಕ್ ಎರಡರಲ್ಲಿ ದೊಡ್ಡದು ಯಾವುದೋ ಅದು, ಜೊತೆಗೆ ಮೇಲಿನ ಮತ್ತು ಕೆಳಗಿನ ಇನ್‌ಸೆಟ್. ಲೇಔಟ್‌ಚಿಲ್ಡ್ರನ್‌ನಲ್ಲಿ ಟ್ರ್ಯಾಕ್‌ಗೆ ಜಾಗ ಕೊಟ್ಟು, ಉಳಿದ ಜಾಗವನ್ನು ಲೇಔಟ್‌ಲೇಬಲ್‌ಇನ್‌ಏರಿಯಾಗೆ ಕೊಡಿ. ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗಾಗಿ ನೀವು ಲೆಕ್ಕ ತಿರುಗಿಸಬೇಕಿಲ್ಲ, ನೋಡ್‌ಓರಿಯೆಂಟೇಶನ್ ಇಡೀ ಕಂಟ್ರೋಲನ್ನು ಕನ್ನಡಿಯಂತೆ ತಿರುಗಿಸುತ್ತದೆ. ನೀವೂ ತಿರುಗಿಸಿದರೆ ಎರಡು ಸಲವಾಗಿ ಮತ್ತೆ ಎಡಕ್ಕೇ ಬರುತ್ತದೆ.

ಪದರ (ಉತ್ತರ)

ನಕಾಶೆ ಅವರ ದಾರಿಯೇ ಉತ್ತಮ. ಆದರೂ ಡಿಸ್ಪೋಸ್ ಬಿಡಬೇಡಿ. ಟ್ರ್ಯಾಕ್, ಆ್ಯನಿಮೇಶನ್ ಈಗಲೂ ನಿಮ್ಮವೇ.

ಕಿಟಕಿ ತೆರೆದಾಗ ಜಾರುವ ವಿಷಯ. ಟ್ರಾನ್ಸ್‌ಲೇಟ್‌ಟ್ರಾನ್ಸಿಶನ್‌ಗೆ ಪಿಕ್ಸೆಲ್‌ನಲ್ಲಿ ಗುರಿ ಕೊಟ್ಟಿದ್ದೀರಿ ಅನ್ನಿಸುತ್ತದೆ. ಅದು ಎರಡು ಕಡೆ ಕೈಕೊಡುತ್ತದೆ. ಮೊದಲ ಲೇಔಟ್‌ಗೆ ಮುಂಚೆ ಟ್ರ್ಯಾಕ್‌ನ ಅಗಲ ಸೊನ್ನೆ. ಫಾಂಟ್ ಅಥವಾ ಅಗಲ ನಡುವೆ ಬದಲಾದರೆ ಥಂಬ್ ತಪ್ಪು ಜಾಗದಲ್ಲಿ ನಿಲ್ಲುತ್ತದೆ.

ಪಿಕ್ಸೆಲ್ ಬದಲು 0ರಿಂದ 1ರವರೆಗಿನ ಒಂದು ಡಬಲ್ ಪ್ರಾಪರ್ಟಿ ಇಟ್ಟುಕೊಂಡು ಟೈಮ್‌ಲೈನ್‌ನಿಂದ ಅದನ್ನು ಮಾತ್ರ ಓಡಿಸಿ. ಥಂಬ್‌ನ ಟ್ರಾನ್ಸ್‌ಲೇಟ್‌ಎಕ್ಸ್ ಯಾವಾಗಲೂ ಆ ಬೆಲೆ ಗುಣಿಸು (ಟ್ರ್ಯಾಕ್‌ನ ಒಳ ಅಗಲ ಕಳೆ ಥಂಬ್‌ನ ಅಗಲ). ಈ ಲೆಕ್ಕ ಪ್ರಾಪರ್ಟಿ ಬದಲಾದಾಗಲೂ ನಡೆಯಲಿ, ಲೇಔಟ್‌ಚಿಲ್ಡ್ರನ್‌ನ ಕೊನೆಯಲ್ಲೂ ನಡೆಯಲಿ. ಕನ್‌ಸ್ಟ್ರಕ್ಟರ್‌ನಲ್ಲಿ ಆ್ಯನಿಮೇಶನ್ ಇಲ್ಲದೆ, ಸೆಲೆಕ್ಟೆಡ್ ಆಗಿದ್ದರೆ ನೇರವಾಗಿ 1, ಇಲ್ಲವಾದರೆ 0. ಆಮೇಲೆ ಬೆಲೆ ಬದಲಾದಾಗಲೂ ಒಂದು ಲೇಔಟ್ ಆಗಿದ್ದರೆ ಮಾತ್ರ ಟೈಮ್‌ಲೈನ್ ಓಡಿಸಿ, ಆಗಿಲ್ಲದಿದ್ದರೆ ನೇರವಾಗಿ ಇಡಿ. ಕಂಟ್ರೋಲ್ ಹುಟ್ಟಿದ ಮೇಲೆ, ತೆರೆಗೆ ಬರುವ ಮುಂಚೆ ಮಾಡೆಲ್‌ನಿಂದ ಬೆಲೆ ಬರುವುದು ಸಾಮಾನ್ಯ. ಟೈಮ್‌ಲೈನ್‌ಗೆ ಕೊನೆಯ ಕೀಫ್ರೇಮ್ ಒಂದೇ ಸಾಕು. ಬೇಗಬೇಗ ಎರಡು ಸಲ ಕ್ಲಿಕ್ಕಿಸಿದರೂ ನಿಲ್ಲಿಸಿ ಮತ್ತೆ ಓಡಿಸಿದಾಗ ಇದ್ದ ಜಾಗದಿಂದಲೇ ಹೊರಡುತ್ತದೆ, ಥಂಬ್ ಹಾರುವುದಿಲ್ಲ. ಅವಧಿ 120ರಿಂದ 150 ಮಿಲಿಸೆಕೆಂಡ್ ಇಡಿ. ಅದಕ್ಕಿಂತ ಉದ್ದವಾದರೆ ಸ್ವಿಚ್ ಒತ್ತಿದವರಿಗೆ ಕಾಯಿಸಿದಂತಾಗುತ್ತದೆ.

ಅಂಚುಗೆರೆ (ಉತ್ತರ)

ಸ್ಟೈಲ್‌ಶೀಟ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಎರಡು ಥೀಮ್‌ಗಳ ನಡುವೆ ಬಣ್ಣ, ಮೂಲೆ, ಅಳತೆ ಇಷ್ಟೇ ವ್ಯತ್ಯಾಸವಾದರೆ ಎರಡು ಸ್ಕಿನ್ ಕ್ಲಾಸ್ ಬೇಡವೇ ಬೇಡ. ಒಂದು ಸ್ಕಿನ್, ಎರಡು ಸಿಎಸ್‌ಎಸ್ ಫೈಲ್. ಸ್ಕಿನ್ ಕ್ಲಾಸ್ ಬದಲಿಸಬೇಕಾಗುವುದು ನೋಡ್‌ಗಳ ರಚನೆಯೇ ಬೇರೆಯಾದಾಗ, ಉದಾಹರಣೆಗೆ ಒಂದರಲ್ಲಿ ಥಂಬ್, ಇನ್ನೊಂದರಲ್ಲಿ ಆನ್ ಮತ್ತು ಆಫ್ ಎಂಬ ಎರಡು ಹೋಳುಗಳು.

ಟಾಗಲ್‌ಬಟನ್ನಿಂದ ಬಂದ ಕಂಟ್ರೋಲ್ ಟಾಗಲ್-ಬಟನ್ ಎಂಬ ಸ್ಟೈಲ್ ಕ್ಲಾಸನ್ನೂ ಹೊತ್ತು ತರುತ್ತದೆ. ಜಾವಾಎಫ್‌ಎಕ್ಸ್‌ನ ಡೀಫಾಲ್ಟ್ ಥೀಮ್ ಮೋಡೆನಾ ಅದಕ್ಕೆ ತನ್ನ ಬೂದು ಹಿನ್ನೆಲೆ ಬಳಿಯುತ್ತದೆ. ನಿಮ್ಮ ಟ್ರ್ಯಾಕ್‌ನ ಹಿಂದೆ ಒಂದು ಪೆಟ್ಟಿಗೆ ಕಾಣುತ್ತಿದ್ದರೆ ಅದೇ. ಸ್ಟೈಲ್ ಕ್ಲಾಸ್ ಪಟ್ಟಿಗೆ ಹೊಸ ಹೆಸರು ಸೇರಿಸುವ ಬದಲು ಸೆಟ್‌ಆಲ್‌ನಿಂದ ನಿಮ್ಮ ಹೆಸರೊಂದನ್ನೇ ಇಡಿ. ಆಗ ಪ್ಯಾಡಿಂಗ್, ಅಕ್ಷರದ ಬಣ್ಣ, ಫೋಕಸ್ ರಿಂಗ್ ಮೂರನ್ನೂ ನೀವೇ ಬರೆಯಬೇಕು. ಫೋಕಸ್ ರಿಂಗ್ ಮರೆತರೆ ಕೀಬೋರ್ಡ್ ಬಳಸುವವರು ಎಲ್ಲಿದ್ದೇವೆ ಎಂದು ತಿಳಿಯದೆ ಕಂಗಾಲಾಗುತ್ತಾರೆ, ಅದನ್ನು ಮಾತ್ರ ದಯವಿಟ್ಟು ಮರೆಯಬೇಡಿ.

ಡೀಫಾಲ್ಟ್ ಸಿಎಸ್‌ಎಸ್ಸನ್ನು ಸೀನ್‌ಗೆ ಸೇರಿಸಬೇಡಿ. ಕಂಟ್ರೋಲ್‌ನ ಗೆಟ್‌ಯೂಸರ್‌ಏಜೆಂಟ್‌ಸ್ಟೈಲ್‌ಶೀಟ್ ಓವರ್‌ರೈಡ್ ಮಾಡಿ ಅಲ್ಲಿಂದ ಕೊಡಿ. ಆದ್ಯತೆಯ ಕ್ರಮ ಹೀಗಿದೆ: ಎಲ್ಲಕ್ಕಿಂತ ಕೆಳಗೆ ಯೂಸರ್ ಏಜೆಂಟ್, ಅದರ ಮೇಲೆ ಕೋಡ್‌ನಲ್ಲಿ ಸೆಟರ್ ಕರೆದು ಇಟ್ಟ ಬೆಲೆ, ಅದರ ಮೇಲೆ ಸೀನ್‌ನ ಸ್ಟೈಲ್‌ಶೀಟ್, ಎಲ್ಲಕ್ಕಿಂತ ಮೇಲೆ ಇನ್‌ಲೈನ್ ಸ್ಟೈಲ್. ಈ ಕ್ರಮದಿಂದಾಗಿ ಕಂಟ್ರೋಲ್ ಬಳಸುವವರು ನಿಮ್ಮ ಬಣ್ಣವನ್ನು ಸುಲಭವಾಗಿ ಬದಲಿಸಬಹುದು. ಅಲ್ಲಿ ನಲ್ ಪಾಯಿಂಟರ್ ಬಂದರೆ ಮೊದಲು ಜಾರ್ ತೆರೆದು ಸಿಎಸ್‌ಎಸ್ ಫೈಲ್ ಒಳಗಿದೆಯೇ ನೋಡಿ. ಜಾವಾ ಸೋರ್ಸ್ ಫೋಲ್ಡರ್‌ನಲ್ಲಿಟ್ಟ ಸಿಎಸ್‌ಎಸ್ಸನ್ನು ಮೇವನ್, ಗ್ರೇಡಲ್ ತಾವಾಗಿ ಜಾರ್‌ಗೆ ಹಾಕುವುದಿಲ್ಲ, ರಿಸೋರ್ಸಸ್ ಫೋಲ್ಡರ್‌ನಲ್ಲಿ ಇರಬೇಕು.

ನಿಯಮಗಳ ಕ್ರಮವೂ ಮುಖ್ಯ. ಹೋವರ್‌ಗೆ ಒಂದು, ಸೆಲೆಕ್ಟೆಡ್‌ಗೆ ಒಂದು ನಿಯಮ ಬರೆದರೆ ಎರಡರ ತೂಕವೂ ಸಮ, ಕೆಳಗೆ ಬರೆದದ್ದು ಗೆಲ್ಲುತ್ತದೆ. ಹೋವರ್ ಕೆಳಗಿದ್ದರೆ, ಆನ್ ಇರುವ ಸ್ವಿಚ್ ಮೇಲೆ ಮೌಸ್ ಬಂದ ಕೂಡಲೇ ಆಫ್‌ನ ಬಣ್ಣ ಕಾಣುತ್ತದೆ. ಮೂಲ ನಿಯಮ, ಹೋವರ್, ಸೆಲೆಕ್ಟೆಡ್, ಸೆಲೆಕ್ಟೆಡ್ ಮತ್ತು ಹೋವರ್ ಕೂಡಿದ್ದು, ಆರ್ಮ್ಡ್, ಡಿಸೇಬಲ್ಡ್ ಎಂಬ ಕ್ರಮದಲ್ಲಿ ಬರೆದರೆ ಈ ತೊಂದರೆ ಇಲ್ಲ.

ಅಳತೆಗಳನ್ನು ಎಮ್‌ನಲ್ಲಿ (1 ಎಮ್ ಎಂದರೆ ಫಾಂಟ್‌ನ ಗಾತ್ರದಷ್ಟು) ಕೊಡಿ: ಟ್ರ್ಯಾಕ್ 3 ಎಮ್ ಅಗಲ, 1.5 ಎಮ್ ಎತ್ತರ, ಮೂಲೆಯ ರೇಡಿಯಸ್ ಎತ್ತರದ ಅರ್ಧ, ಅಂದರೆ 0.75 ಎಮ್. 12 ಪಿಕ್ಸೆಲ್ ಫಾಂಟ್‌ಗೆ ಇದು 36 × 18 ಆಗುತ್ತದೆ. ಎಲ್ಲರೂ ಬಳಸಬಲ್ಲ ವಿನ್ಯಾಸಕ್ಕಾಗಿ ಇರುವ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಕೇಳುವ ಕನಿಷ್ಠ ಒತ್ತುವ ಜಾಗ 24 × 24 ಪಿಕ್ಸೆಲ್, ಹಾಗಾಗಿ ಮೇಲೆ ಕೆಳಗೆ 0.25 ಎಮ್ ಪ್ಯಾಡಿಂಗ್ ಕೊಟ್ಟು ಎತ್ತರವನ್ನು 24ಕ್ಕೆ ತನ್ನಿ. ಟ್ರ್ಯಾಕ್‌ಗೂ ಹಿನ್ನೆಲೆಗೂ ನಡುವೆ ಕಾಂಟ್ರಾಸ್ಟ್ ಕನಿಷ್ಠ 3:1 ಇರಲಿ. ಆನ್, ಆಫ್ ಎರಡನ್ನೂ ಬಣ್ಣವೊಂದರಿಂದಲೇ ತೋರಿಸಬೇಡಿ. ನಿಮ್ಮಲ್ಲಿ ಥಂಬ್ ಸರಿಯುವುದರಿಂದ ಅದು ಹೇಗೂ ಸರಿಯಿದೆ.

ಬಿಂದುರೇಖೆ

ಟಾಗಲ್‌ಬಟನ್‌ಸ್ಕಿನ್‌ಗೆ ಬದಲಾಯಿಸಿದೆ, ಹ್ಯಾಂಡ್ಲರ್ ತೆಗೆದೆ. ನಾಲ್ಕೂ ತೊಂದರೆ ಹೋದವು. ಎರಡನೇ ಸ್ಕಿನ್ ಕ್ಲಾಸನ್ನೂ ಅಳಿಸಿ ಸಿಎಸ್‌ಎಸ್ ಮಾಡಿದ್ದೇನೆ. ಎಲ್ಲರಿಗೂ ಧನ್ಯವಾದ.

ಇನ್ನೊಂದು ಉಳಿದಿದೆ. ಸೆಟ್ಟಿಂಗ್ಸ್ ಮಾಡೆಲ್‌ನಲ್ಲಿರುವ ಬೂಲಿಯನ್ ಪ್ರಾಪರ್ಟಿಗೆ ಸೆಲೆಕ್ಟೆಡ್ ಅನ್ನು ಬೈಂಡ್ ಮಾಡಿದರೆ, ಕ್ಲಿಕ್ ಮಾಡಿದ ಕೂಡಲೇ ಬೌಂಡ್ ಬೆಲೆಯನ್ನು ಸೆಟ್ ಮಾಡಲಾಗದು ಎಂಬ ಎಕ್ಸೆಪ್ಶನ್ ಬರುತ್ತದೆ.

ನಕಾಶೆ (ಉತ್ತರ)

ಬೈಂಡ್ ಒಮ್ಮುಖ. ಫೈರ್ ಒಳಗೆ ಸೆಟ್‌ಸೆಲೆಕ್ಟೆಡ್ ನಡೆಯುತ್ತದೆ, ಬೌಂಡ್ ಆದ ಪ್ರಾಪರ್ಟಿ ಅದನ್ನು ಒಪ್ಪುವುದಿಲ್ಲ. ಬೈಂಡ್‌ಬೈಡೈರೆಕ್ಷನಲ್ ಬಳಸಿ. ಕರೆಯುವ ಕಡೆಗೆ ಗಮನವಿರಲಿ: ಯಾವ ಪ್ರಾಪರ್ಟಿಯ ಮೇಲೆ ಕರೆಯುತ್ತೀರೋ ಅದು ಆರಂಭದಲ್ಲಿ ಇನ್ನೊಂದರ ಬೆಲೆಯನ್ನು ತೆಗೆದುಕೊಳ್ಳುತ್ತದೆ. ಸ್ವಿಚ್‌ನ ಸೆಲೆಕ್ಟೆಡ್ ಮೇಲೆ ಕರೆದು ಮಾಡೆಲನ್ನು ಆರ್ಗ್ಯುಮೆಂಟ್ ಆಗಿ ಕೊಡಿ. ತಿರುವುಮುರುವಾದರೆ ಉಳಿಸಿದ್ದ ಸೆಟ್ಟಿಂಗ್‌ಗಳೆಲ್ಲ ಕಿಟಕಿ ತೆರೆದಾಗಲೇ ಆಫ್ ಆಗುತ್ತವೆ. ಈ ಬೈಂಡಿಂಗ್ ಎರಡೂ ಕಡೆಯನ್ನು ವೀಕ್ ರೆಫರೆನ್ಸ್‌ನಿಂದ ಹಿಡಿದಿರುವುದರಿಂದ ಮಾಡೆಲ್‌ನ ಪ್ರಾಪರ್ಟಿ ಒಂದು ಫೀಲ್ಡ್‌ನಲ್ಲಿರಬೇಕು. ಮೆಥಡ್ ಒಳಗಿನ ಲೋಕಲ್ ವೇರಿಯಬಲ್ ಆಗಿದ್ದರೆ ಗಾರ್ಬೇಜ್ ಕಲೆಕ್ಟರ್ ಒಯ್ದ ಮೇಲೆ ಸಂಪರ್ಕ ಸದ್ದಿಲ್ಲದೆ ಕಡಿಯುತ್ತದೆ.

ಇನ್ನೂ ಒಂದು ವಿಷಯ: ಸೆಟ್ಟಿಂಗ್ ಉಳಿಸುವ ಕೋಡನ್ನು ಆನ್‌ಆ್ಯಕ್ಷನ್‌ನಲ್ಲಿ ಇಟ್ಟಿದ್ದರೆ, ಮಾಡೆಲ್ ಕಡೆಯಿಂದ ಬೆಲೆ ಬದಲಾದಾಗ ಅದು ಓಡುವುದಿಲ್ಲ. ಆ್ಯಕ್ಷನ್ ಈವೆಂಟ್ ಬರುವುದು ಫೈರ್ ಆದಾಗ ಮಾತ್ರ. ಎರಡೂ ಸಂದರ್ಭದಲ್ಲಿ ಉಳಿಸಬೇಕಿದ್ದರೆ ಮಾಡೆಲ್‌ನ ಪ್ರಾಪರ್ಟಿಯ ಮೇಲೇ ಲಿಸನರ್ ಹಾಕಿ.