ಅಪ್‌ಡೇಟ್: ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಕ್ಕಳ ಶಾಲೆ ನಿರ್ಧಾರವಾಯಿತು

ಯಜಮಾನರ ಕೆಲಸಕ್ಕಾಗಿ ಮೂರು ವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿರಬೇಕು, ಒಂಬತ್ತರ ಮಗಳನ್ನೂ ಐದರ ಮಗನನ್ನೂ ಯಾವ ಅಂತರರಾಷ್ಟ್ರೀಯ ಶಾಲೆಗೆ ಸೇರಿಸಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.

ಪೂರ್ತಿ ಖಾಸಗಿ ಶಾಲೆಗಳ ಶುಲ್ಕ ಕಂಡು ಎದೆ ಧಸಕ್ಕೆಂದಿತ್ತು. ಸರ್ಕಾರದ ಅನುದಾನ ಪಡೆಯುವ ಅಂತರರಾಷ್ಟ್ರೀಯ ಶಾಲೆಗಳೂ ಇವೆ ಎಂದು ನೀವು ಹೇಳದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಅಲ್ಲಿ ಶುಲ್ಕ ಬಹಳ ಕಡಿಮೆ. ಆದರೆ ಪೋಷಕರ ಕೆಲಸ ನಿಗದಿತ ಅವಧಿಯದೆಂದು ಕಂಪನಿಯ ಪತ್ರ ಬೇಕು. ಆ ಪತ್ರವನ್ನು ಬೆಂಗಳೂರಿನಲ್ಲಿರುವಾಗಲೇ ಪಡೆದುಕೊಳ್ಳಿ. ನಮ್ಮದು ತಡವಾಗಿ, ಮಗಳು ಆರು ವಾರ ಕಾಯುವ ಪಟ್ಟಿಯಲ್ಲಿದ್ದಳು. ಈಗ ಸೇರಿದ್ದಾಳೆ.

ಮಗನ ವಿಷಯದಲ್ಲಿ ಮನಸ್ಸು ಬದಲಾಯಿತು. ಇಲ್ಲಿ ಐದು ತುಂಬಿದ ಮಗುವಿಗೆ ಶಾಲೆ ಕಡ್ಡಾಯ; ಅವನನ್ನು ಪಕ್ಕದ ಬೀದಿಯ ಡಚ್ ಶಾಲೆಗೇ ಸೇರಿಸಿದೆವು, ಬೋಧನಾ ಶುಲ್ಕವಿಲ್ಲ. ಮೊದಲ ವಾರ ನನ್ನ ಸೆರಗು ಬಿಡದೆ ಅತ್ತ. ಮಧ್ಯಾಹ್ನ ಎಲ್ಲರೂ ಬ್ರೆಡ್ ತಿನ್ನುವಾಗ ಇವನ ಡಬ್ಬಿಯಲ್ಲಿ ಚಪಾತಿ ಸುರುಳಿ. ನಿನ್ನೆ ಸೈಕಲ್ ತೋರಿಸಿ "ಅಮ್ಮಾ, ಫೀಟ್ಸ್!" ಎಂದು ನನಗೇ ಡಚ್ ಪಾಠ ಹೇಳಿದ. ಡಬ್ಬಿ ಖಾಲಿಯಾಗಿತ್ತು, ಅರ್ಧ ಚಪಾತಿ ಗೆಳೆಯನಿಗೆ ಕೊಟ್ಟನಂತೆ.